ಬೈಸಿಕೊಳ್ಳುವ ಖುಷಿ

ಒಂದು ನಿಮಿಷದ ವಿಡಿಯೊ ಸಾಕು ಅಂದರು. ಸಿಡ್ನಿಯ ವೃದ್ಧಾಶ್ರಮವೊಂದರಿಂದ ಅಕ್ಕ ನಿವೃತ್ತಿಯಾಗುತ್ತಿದ್ದಳು. ಅಲ್ಲಿನವರು ಅವಳ ಹಳೆಯ ಸಹೋದ್ಯೋಗಿಗಳನ್ನೆಲ್ಲ ಹುಡುಕಿ, ಎಲ್ಲರಿಂದ ಒಂದೊಂದು ತುಣುಕು ತರಿಸಿಕೊಂಡು, ಬೀಳ್ಕೊಡುಗೆಯ ದಿನ ದೊಡ್ಡ ಟಿವಿಯಲ್ಲಿ ಹಾಕುವವರಿದ್ದರು. ನಾನು ಸಿಡ್ನಿಯಿಂದ ದೂರದ ವಿಂಡಮ್ ವೇಲ್‌ನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಮಾತಾಡಿದೆ. ಅಳಿಸಿದೆ. ಹಿತ್ತಿಲಿಗೆ ಹೋದರೆ ಪಕ್ಕದಲ್ಲಿ ಏಳುತ್ತಿರುವ ಹೊಸ ಮನೆಯ ಮೊಳೆ ಹೊಡೆಯುವ ಸದ್ದು. ಅದನ್ನೂ ಅಳಿಸಿದೆ. ಕಾರಿನಲ್ಲಿ ಕೂತು ಕಿಟಕಿ ಏರಿಸಿಕೊಂಡು ಮಾತಾಡಿದರೆ ವೀಸಾ ಆಫೀಸಿನಲ್ಲಿ ಕೂತವಳ ಹಾಗೆ ಕಂಡೆ. ತುಂಬ ಒಳ್ಳೆಯವಳು, ಕಷ್ಟಜೀವಿ, ಯಾವಾಗಲೂ ನಗುಮುಖ ಎಂಬ ಮಾತುಗಳೇ ಬಾಯಿಗೆ ಬರುತ್ತಿದ್ದವು. ಅವನ್ನು ಯಾರ ಮೇಲೆ ಬೇಕಾದರೂ ಹಾಕಬಹುದು. ಅಕ್ಕನ ಮೇಲೆ ಹಾಕಿದರೆ ಮಾತ್ರ ಅಳತೆ ತಪ್ಪಿದ ರವಿಕೆಯ ಹಾಗೆ ಕಾಣುತ್ತವೆ. ಕೊನೆಗೆ ಏನು ಕಳಿಸಿದೆ ಎಂದು ಆಮೇಲೆ ಹೇಳುತ್ತೇನೆ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಅವಳು ತಾನೇ ಆರಿಸಿಕೊಂಡ ಹೆಸರು ಅದು. ಕೇಳದೆ ಬರೆದರೆ ಮುನಿಸಿಕೊಳ್ಳುತ್ತಾಳೆ. ಕೇಳಿದರೆ ದಪ್ಪಕ್ಷರದಲ್ಲಿ ಹಾಕು, ಜೊತೆಗೆ ನನ್ನ ಕಿರೀಟದ ಫೋಟೋ ಹಾಕು ಅನ್ನುತ್ತಾಳೆ. ಡ್ಯಾಂಡಿನಾಂಗ್‌ನ ವೃದ್ಧಾಶ್ರಮದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಫಿಲಿಪೀನ್ಸಿನ ಹುಡುಗಿಯರೆಲ್ಲ ಅವಳನ್ನು 'ಆತೆ' ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗೆಂದರೆ ದೊಡ್ಡ ಸೋದರಿ. ನಿಮ್ಮಲ್ಲಿ ಏನಂತಾರೆ ಎಂದು ಕೇಳಿದಳು. ಅಕ್ಕ ಅಂದೆ. ಒಂದೆರಡು ಸಲ ಅಂದು ನೋಡಿಕೊಂಡು, ಚಿಕ್ಕದು, ಗಟ್ಟಿ ಇದೆ, ನೀನು ಹಾಗೇ ಕರೆ ಅಂದಳು. ಅವತ್ತಿನಿಂದ ಅವಳು ನನಗೆ ಅಕ್ಕ.

ಹುಟ್ಟುವಾಗ ಮನೆಯವರು ಅವಳನ್ನು ಗಂಡು ಅಂದುಕೊಂಡಿದ್ದರು. ಇದನ್ನು ಅವಳೇ ಮೊದಲ ವಾರದಲ್ಲಿ ಟೀ ರೂಮಿನಲ್ಲಿ ಕಿತ್ತಳೆ ಸುಲಿಯುತ್ತ ಹೇಳಿದಳು. ಕೇಳುವುದೇನಾದರೂ ಇದ್ದರೆ ಈಗಲೇ ಕೇಳಿಬಿಡು, ನನ್ನ ಬ್ರೇಕ್ ಮುಗಿಯುತ್ತೆ ಅಂದಳು. ನಾನು ನರಗುಂದದವಳು. ಸವದತ್ತಿ ಎಲ್ಲಮ್ಮನ ಜೋಗಪ್ಪಗಳು ತಲೆಯ ಮೇಲೆ ದೇವಿಯನ್ನು ಹೊತ್ತು, ಸೀರೆ ಉಟ್ಟು ನಮ್ಮ ಬಾಗಿಲಿಗೆ ಬರುತ್ತಿದ್ದುದನ್ನು ನೋಡಿ ಬೆಳೆದವಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು ನನಗೆ ಹೊಸಬರಲ್ಲ. ಹಾಗಾಗಿ ಆ ಲಿಪ್‌ಸ್ಟಿಕ್ ಎಲ್ಲಿ ತಗೊಂಡಿರಿ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಇದೊಂದೇ ಸರಿಯಾದ ಪ್ರಶ್ನೆ ಅಂದಳು.

ಲಿಪ್‌ಸ್ಟಿಕ್ ಇಲ್ಲದೆ ಅವಳು ಬೆಡ್‌ಪ್ಯಾನ್ ಎತ್ತುತ್ತಿರಲಿಲ್ಲ. ಬೆಳಗಿನ ಶಿಫ್ಟಿಗೆ ಎಲ್ಲರೂ ಕಣ್ಣುಜ್ಜಿಕೊಳ್ಳುತ್ತ ಬಂದರೆ ಇವಳು ಹುಬ್ಬು ತಿದ್ದಿ, ಉದ್ದ ಕೂದಲನ್ನು ತುರುಬು ಕಟ್ಟಿ, ಕಾರಿಡಾರಿನ ತುದಿಯಲ್ಲಿ ಒಂದು ಕ್ಷಣ ನಿಂತು ನಡೆಯಲು ಶುರುಮಾಡುವಳು. ಊರಲ್ಲಿ ಹರೆಯದಲ್ಲಿ ಚರ್ಚಿನ ಹಬ್ಬದ ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಳಂತೆ. ಆ ನಡಿಗೆ ಹೋಗಿರಲಿಲ್ಲ. ಮಾತ್ರೆಗಳ ಟ್ರಾಲಿ ತಳ್ಳುತ್ತ ಎರಡೂ ಕಡೆಯ ಕೋಣೆಗಳ ಅಜ್ಜ ಅಜ್ಜಿಯರಿಗೆ ಮಣಿಕಟ್ಟು ಮಾತ್ರ ತಿರುಗಿಸಿ ಕೈ ಬೀಸುವಳು. ಹಾಸಿಗೆ ಹಿಡಿದವರೂ ವಾಪಸ್ಸು ಕೈ ಬೀಸುತ್ತಿದ್ದರು.

ನಾನು ಅವಳಷ್ಟು ಖುಷಿಯನ್ನು ಹುಡುಕಿ ಹುಡುಕಿ ತಿನ್ನುವವರನ್ನು ಕಂಡಿಲ್ಲ. ಅದಕ್ಕೆ ಅವಳ ಭಾಷೆಯಲ್ಲಿ 'ಕಿಲಿಗ್' ಎಂಬ ಮಾತಿದೆ, ಎದೆಯಲ್ಲಿ ಝುಮ್ಮೆನ್ನುವುದು. ಹುಡುಗ ಹುಡುಗಿ ಕಣ್ಣು ಕೂಡಿಸಿದಾಗ ಆಗುವಂಥದ್ದು. ಇವಳಿಗೆ ಅದು ಬಸ್ ಡ್ರೈವರ್ 'ಹುಷಾರು, ಡಾರ್ಲಿಂಗ್' ಅಂದರೂ ಆಗುತ್ತಿತ್ತು. ಒಂದು ದಿನ ಬಂದವಳು ಬ್ಯಾಗ್ ಇಡುವ ಮೊದಲೇ ಹೇಳಲು ಶುರುಮಾಡಿದಳು. ಡ್ಯಾಂಡಿನಾಂಗ್ ಸ್ಟೇಷನ್ನಿನ ಟಾಯ್ಲೆಟ್ಟಿನಲ್ಲಿ ಕೈ ತೊಳೆಯುತ್ತಿದ್ದಾಗ ಗುರುತಿಲ್ಲದ ಹುಡುಗಿಯೊಬ್ಬಳು ಅವಸರದಲ್ಲಿ ಬಂದು, ನಿಮ್ಮ ಹತ್ತಿರ ಪ್ಯಾಡ್ ಇದೆಯಾ ಎಂದು ಕೇಳಿದಳಂತೆ. ಇಲ್ಲಮ್ಮ, ಸಾರಿ ಅಂದಳಂತೆ. ಪರವಾಗಿಲ್ಲ ಅಂದು ಆ ಹುಡುಗಿ ಹೋದಳು. ಅಷ್ಟೇ ಕತೆ. ಅದನ್ನು ಹೇಳುವಾಗ ಅಕ್ಕನ ಕಣ್ಣಲ್ಲಿ ನೀರಿತ್ತು. ಆ ಹುಡುಗಿ ನನ್ನನ್ನು ದಿಟ್ಟಿಸಿ ನೋಡಲಿಲ್ಲ, ಅನುಮಾನಿಸಲಿಲ್ಲ, ಸುಮ್ಮನೆ ಕೇಳಿದಳು ಅಂದಳು. ಅವತ್ತೇ ಒಂದು ಪ್ಯಾಕೆಟ್ ಕೊಂಡು ಬ್ಯಾಗಿನಲ್ಲಿಟ್ಟಳು. ಆಮೇಲೆ ಆ ಬ್ಯಾಗ್ ಎಂದೂ ಪ್ಯಾಡಿಲ್ಲದೆ ಇರಲಿಲ್ಲ. ನಾನೇ ಎಷ್ಟೋ ಸಲ ಇಸಿದುಕೊಂಡಿದ್ದೇನೆ.

ಅವಳಂಥವರ ಬಗ್ಗೆ ನಮಗೆ ತಿಳಿವಳಿಕೆ ಕೊಡಲು ಒಮ್ಮೆ ಆಫೀಸಿನವರು ಟ್ರೈನಿಂಗ್ ಇಟ್ಟಿದ್ದರು. ಬಂದವರು ಒಳ್ಳೆಯವರೇ. ಪರದೆಯ ಮೇಲೆ ಒಂದಾದ ಮೇಲೊಂದು ಸ್ಲೈಡು: ಖಿನ್ನತೆ, ಒಂಟಿತನ, ಮನೆಯಿಂದ ಹೊರಹಾಕುವುದು, ಹೊಡೆತ. ಅಕ್ಕ ಮೊದಲ ಸಾಲಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಕೊನೆಗೆ ಕೈ ಎತ್ತಿ, ಖುಷಿಯ ಸ್ಲೈಡ್ ಯಾವಾಗ ಬರುತ್ತೆ ಎಂದು ಕೇಳಿದಳು. ಅವರಲ್ಲಿ ಇರಲಿಲ್ಲ. ಮುಂದಿನ ಸಲ ಸೇರಿಸುತ್ತೇವೆ ಅಂದರು. ದುಃಖ ಸುಳ್ಳಲ್ಲ, ಆದರೆ ನಾನು ದುಃಖಪಡೋದಕ್ಕಾಗಿ ಹೆಣ್ಣಾಗಲಿಲ್ಲ ಮಾರಾಯ್ತಿ ಎಂದು ಟೀ ರೂಮಿನಲ್ಲಿ ಗೊಣಗಿದಳು.

ಕಾಲು ಅಲ್ಲಾಡಿಸುವುದು ಅಂದೆನಲ್ಲ, ಅದು ಅವಳ ಗುರುತು. ಒಂದು ಕಡೆ ಕೂತವಳಲ್ಲ. ಆಗ ನಾವು ಡ್ಯಾಂಡಿನಾಂಗ್‌ನಲ್ಲೇ ರೆಂಟ್‌ಗೆ ಇದ್ದೆವು, ಅವಳು ಅದೇ ಕಾಂಪೌಂಡಿನಲ್ಲಿ ನಮ್ಮ ಮನೆಯ ಹಿಂದಿನ ಯೂನಿಟ್‌ನಲ್ಲಿದ್ದಳು. ಅವಳ ಮನೆಯ ನಡುಮಧ್ಯ ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ ಸದಾ ಬಾಯಿ ತೆರೆದುಕೊಂಡಿರುತ್ತಿತ್ತು. ಅದಕ್ಕೆ ಸೋಪು ಹಾಕುವಳು, ಚಾಕಲೇಟು ಹಾಕುವಳು, ತೆಗೆದು ಬೇರೆ ರೀತಿ ಜೋಡಿಸುವಳು. ಫ್ಯಾನ್ ಹಚ್ಚುವಳು, ಆರಿಸುವಳು. ಸೋಫಾವನ್ನು ಕಿಟಕಿಯ ಹತ್ತಿರ ಎಳೆದು ವಾರದ ಮೇಲೆ ಮತ್ತೆ ಗೋಡೆಗೆ ನೂಕುವಳು. ಅಲ್ಲಿ ಕೂತರೆ ನನಗೂ ಚಡಪಡಿಕೆ ಹತ್ತುತ್ತಿತ್ತು. ಯಾರೋ ಬರಬೇಕಾಗಿದೆ, ಇನ್ನೂ ಬಂದಿಲ್ಲ ಎನ್ನುವ ಹಾಗೆ ಇರುತ್ತಿತ್ತು ಆ ಮನೆ.

ಸ್ಟೋವ್ ಮುಂದೆ ನಿಂತು ಮಾತ್ರ ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು. ಅದರ ಹಿಂದೆ ಒಂದು ಕತೆಯಿತ್ತು. ಅವರ ಕಡೆ ಹೆಣ್ಣುಮಕ್ಕಳು ಒಲೆಯ ಮುಂದೆ ಹಾಡಬಾರದಂತೆ. ಹಾಡಿದರೆ ಮುದಿ ವಿಧುರನೇ ಗಂಡನಾಗಿ ಸಿಗುತ್ತಾನಂತೆ. ಅವಳ ತಂಗಿಯರು ಅಡುಗೆ ಮಾಡುತ್ತ ಗುನುಗಿದರೆ ಸಾಕು, ಅವರಮ್ಮ ಸೌಟು ಹಿಡಿದು ಬರುತ್ತಿದ್ದಳು. ಇವಳು ಪಕ್ಕದಲ್ಲೇ ನಿಂತು ಬೇಕಂತಲೇ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಳು. ಅಮ್ಮ ಇವಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಗಂಡುಹುಡುಗ ಹಾಡಿದರೆ ಏನಾಗುತ್ತೆ? ಆ ತಾಯಿ ಕೆಟ್ಟವಳಲ್ಲ, ಎಂದೂ ಕೈ ಎತ್ತಿದವಳಲ್ಲ, ಪ್ರೀತಿಯಿಂದ ಸಾಕಿದಳು. ಆದರೆ ನನ್ನನ್ನು ಒಂದು ಸಲವೂ ತಂಗಿಯರಿಗೆ ಬೈದ ಹಾಗೆ ಬೈಯದೆ ಸತ್ತಳು ಎಂದು ಅಕ್ಕ ಹೇಳುತ್ತಿದ್ದಳು. ಇದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ.

ನನ್ನ ಬಾಣಂತನಕ್ಕೆ ನರಗುಂದದಿಂದ ಅವ್ವ ಬಂದಳು. ಬಂದ ದಿನವೇ ಅಕ್ಕ ಒಂದು ಪಾತ್ರೆ ಶುಂಠಿ ಹಾಕಿದ ಗಂಜಿ ಹೊತ್ತು ನೋಡಲು ಬಂದಳು. ಅವರಲ್ಲಿ ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುವ ಪದ್ಧತಿ. ಅವ್ವನ ಕೈಯನ್ನು ಹಾಗೆ ಒತ್ತಿಕೊಂಡಳು. ಹುಡುಗಿಗೆ ರೀತಿ ರಿವಾಜು ಗೊತ್ತೈತಿ ಎಂದು ಅವ್ವ ಮೆಚ್ಚಿದಳು. ಅಕ್ಕನಿಗೆ ಆಗಲೇ ಐವತ್ತು ದಾಟಿತ್ತು; ಹುಡುಗಿ ಅಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ಅವಳಿಗೆ ಕಿಲಿಗ್.

ಮೆಚ್ಚುಗೆ ಸಂಜೆಯವರೆಗೆ ಬಾಳಿತು. ಸಂಜೆ ಅಕ್ಕ ತಲೆಸ್ನಾನ ಮಾಡಿ, ಕೂದಲು ಹರಡಿಕೊಂಡು ನಮ್ಮ ಬಾಗಿಲಲ್ಲಿ ನಿಂತು ನನ್ನೊಂದಿಗೆ ಮಾತಾಡುತ್ತಿದ್ದಳು. ಅವ್ವ ಒಳಗಿಂದಲೇ ಶುರುಮಾಡಿದಳು.

"ಏನವಾ ಇದು, ದೀಪಾ ಹಚ್ಚೂ ಹೊತ್ತಿನ್ಯಾಗ ಕೂದ್ಲಾ ಬಿಚ್ಕೊಂಡು ಹೊಸ್ತಲದಾಗ ನಿಂತೀಯಲ್ಲ. ನಿಮ್ಮವ್ವ ಏನೂ ಹೇಳಿಕೊಟ್ಟಿಲ್ಲೇನು ನಿನಗ?"

ಅಕ್ಕ ನನ್ನ ಮುಖ ನೋಡಿದಳು. ಅವ್ವ ಏನೋ ಹೇಳ್ತಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದೆ. ಏನು ಹೇಳಿದಳು, ಹಾಗೇ ಹೇಳು ಅಂದಳು. ಹೇಳಿದೆ. ನಾನು ಮೆದು ಮಾಡಿ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು. ಬೈದ ಹಾಗೇ ಹೇಳು ಎಂದು ಹಟ ಹಿಡಿದಳು. ಬೈದ ಹಾಗೇ ಹೇಳಿದೆ. ಅವಳು ಹೊಸ್ತಿಲು ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಅಲ್ಲಿಂದ ಅವಳು ಬೈಸಿಕೊಳ್ಳುವುದಕ್ಕೆಂದೇ ಬರತೊಡಗಿದಳು. ಅವ್ವನಿಗೂ ಮೈಯೆಲ್ಲ ಬೈಗುಳ. ಮಗು ಎತ್ತಿಕೊಂಡರೆ ಕುತ್ತಿಗೆಗೆ ಕೈ ಕೊಡು, ಎಂಥ ಹೆಣ್ಣು ನೀನು. ಹಣೆಯೇಕೆ ಬೋಳು. ಗಂಡಸರ ಹಾಗೆ ಏಕೆ ದಾಪುಗಾಲು. ಎಷ್ಟು ಬಳಕುತ್ತೀಯ, ಸ್ವಲ್ಪ ನೆಟ್ಟಗೆ ನಡೆ. ಒಂದಕ್ಕೊಂದು ಹೊಂದದ ಈ ಎರಡೂ ಬೈಗುಳ ಒಂದೇ ದಿನ ಬಿದ್ದದ್ದಿದೆ. ಅಕ್ಕ ಕನ್ನಡವನ್ನೂ ಕಲಿತಳು, ಆದರೆ ಅವ್ವ ದಿನಾ ಬಳಸುತ್ತಿದ್ದ ಮಾತುಗಳನ್ನಷ್ಟೇ: ಕುಂಡ್ರು, ತಿರುಗು, ಹುಚ್ಚಿ.

'ತಿರುಗು' ಬಂದದ್ದು ಕೂದಲಿನಿಂದ. ಅಕ್ಕನ ಕೂದಲು ಸೊಂಟ ಮುಟ್ಟುತ್ತಿತ್ತು. ಹುಡುಗತನದಲ್ಲಿ ಅದು ಕಿವಿ ಮುಟ್ಟಿದಾಗಲೆಲ್ಲ ಅವರಪ್ಪ ಕತ್ತರಿ ತರುತ್ತಿದ್ದನಂತೆ. ಮನೆ ಬಿಟ್ಟ ಮೇಲೆ ಬೆಳೆಸಿದ್ದು. ಅವ್ವ ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಅವಳನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆಯುತ್ತಿದ್ದಳು. ತಿರುಗು ಅಂದರೆ ಅಕ್ಕ ತಿರುಗಿ ಬೆನ್ನು ಕೊಡುವಳು. ಆ ಹೊತ್ತಿನಲ್ಲಿ ಮಾತ್ರ ಅವಳ ಕಾಲು ಅಲ್ಲಾಡುತ್ತಿರಲಿಲ್ಲ. ಮಗುವಿಗೆ ಹಾಲೂಡಿಸುತ್ತ ಕಿಟಕಿಯಿಂದ ನಾನು ಅದನ್ನು ನೋಡಿದ್ದೇನೆ.

ಹೀಗೇ ಇದ್ದರೆ ಚೆನ್ನಾಗಿತ್ತು. ಆದರೆ ಅವ್ವ ಸುಮ್ಮನಿರುವ ಪೈಕಿಯಲ್ಲ. ಟ್ರುಗನಿನಾ ಎಂಬಲ್ಲಿ ನಡೆದ ಪೂಜೆಯೊಂದರಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಸಿಕ್ಕಿದ್ದರು. ಹೆಂಡತಿ ತೀರಿಕೊಂಡು ಮಗನ ಮನೆಯಲ್ಲಿದ್ದರು, ಮಾತಾಡಲು ಜನವಿಲ್ಲದೆ ಪಾರ್ಕಿನಲ್ಲಿ ಅಡ್ಡಾಡಿಕೊಂಡಿರುತ್ತಿದ್ದರು. ಅವ್ವ ಅವರ ಫೋಟೋ ಇಸಿದುಕೊಂಡು ಬಂದು ಅಕ್ಕನ ಮುಂದೆ ಹಿಡಿದಳು. ವಯಸ್ಸಾದರೇನಾಯಿತು, ಒಬ್ಬರಿಗೊಬ್ಬರು ಬೇಕು, ಈಗಾಗಲೇ ತಡವಾಗಿದೆ ಎಂದು ಜಬರಿಸಿದಳು. ಅಕ್ಕ ಫೋಟೋ ನೋಡಿ ಬಿದ್ದು ಬಿದ್ದು ನಕ್ಕಳು. ಮುದಿ ವಿಧುರ! ಇಷ್ಟು ವರ್ಷ ಒಲೆ ಮುಂದೆ ಹಾಡಿದ್ದು ಕೊನೆಗೂ ಫಲ ಕೊಟ್ಟಿತು ಅಂದಳು. ನಕ್ಕು ಮುಗಿದ ಮೇಲೆ ಮೊಣಕಾಲು ಮತ್ತೆ ಅಲ್ಲಾಡತೊಡಗಿತು.

ಮರುದಿನ ಮಗುವಿನ ಪ್ರಾಮ್ ಗಾಡಿ ತಳ್ಳಿಕೊಂಡು ಮಾರ್ಕೆಟ್ಟಿಗೆ ಹೋಗುವಾಗ, ನಿಮ್ಮವ್ವನಿಗೆ ನನ್ನ ವಿಷಯ ಹೇಳು ಅಂದಳು. ಬೇಡ ಅಂದೆ. ಅವ್ವ ಇನ್ನೆಷ್ಟು ದಿನ ಇರುತ್ತಾಳೆ, ಊರಿಗೆ ಹೋಗುತ್ತಾಳೆ, ಆ ಅಂಕಲ್ ವಿಷಯ ನಾನು ಹೇಗೋ ತಪ್ಪಿಸುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅವ್ವ ನಾಳೆ ಅವಳಿಗೆ ಬೇರೆ ಲೋಟ ಇಟ್ಟರೆ ಆ ಮುಖವನ್ನು ನಾನು ಹೇಗೆ ನೋಡಲಿ? ಅಕ್ಕ ಪ್ರಾಮ್ ನಿಲ್ಲಿಸಿದಳು.

"ಗೊತ್ತಿಲ್ಲದೆ ಬೈದರೆ ಅದು ಬೇರೆ ಯಾರಿಗೋ ಬೈದ ಹಾಗೆ. ನಾನು ಅದನ್ನು ಕದ್ದು ತಗೊಂಡ ಹಾಗೆ. ಗೊತ್ತಿದ್ದೂ ಬೈಯಲಿ. ಆಗ ಅದು ನನ್ನದು."

ಬೈಯೋದನ್ನೇ ನಿಲ್ಲಿಸಿಬಿಟ್ಟರೆ ಎಂದು ಕೇಳಿದೆ. ನಿಲ್ಲಿಸಿದರೆ ನಿಲ್ಲಿಸಲಿ ಅಂದಳು. ಅಂದಳೇ ಹೊರತು ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟನ್ನು ಎತ್ತಿ ಎತ್ತಿ ಇಡುತ್ತಿದ್ದಳು.

ಅವ್ವ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ನೀವುತ್ತಿದ್ದಾಗ ಹೇಳಿದೆ. ಹುಟ್ಟಿದಾಗ ಗಂಡು ಅಂದುಕೊಂಡಿದ್ದರು, ಒಳಗಿನಿಂದ ಹೆಣ್ಣು, ಹಾಗಾಗಿ ಹೆಣ್ಣಾಗೇ ಬದುಕುತ್ತಿದ್ದಾಳೆ ಅಂದೆ. ಅವ್ವನ ಕೈ ನಿಂತಿತು. "ಜೋಗಪ್ಪ?" ಅಂದಳು. ಹಾಗಲ್ಲ, ಅವಳು ಚರ್ಚಿಗೆ ಹೋಗುವವಳು, ಎಲ್ಲಮ್ಮನಿಗೂ ಅವಳಿಗೂ ಸಂಬಂಧವಿಲ್ಲ ಅಂದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಎಣ್ಣೆಗೈಯಲ್ಲೇ ಗಲ್ಲ ಗಲ್ಲ ಬಡಿದುಕೊಂಡಳು.

"ಅಯ್ಯ ನನ್ನವ್ವ, ಎಷ್ಟ್ ಬೈದ್ನೆ ಅಕಿನ್ನ. ತಾಯಿ ಕೂದ್ಲಕ್ಕ ಹಣಿಗಿ ಹಾಕಿದ್ನೆಲ್ಲ."

ನಮ್ಮ ಕಡೆ ಜೋಗಪ್ಪನ ಜಡೆ ಎಂದರೆ ದೇವಿಯ ಜಡೆ, ಅದಕ್ಕೆ ಹಣಿಗೆ ಹಾಕಿ ಬಾಚುವುದಿಲ್ಲ. ಜೋಗಪ್ಪನ ಮನಸ್ಸು ನೋಯಿಸಿದರೆ ಮನೆಗೆ ಒಳ್ಳೆಯದಲ್ಲ, ಉಡಿ ತುಂಬಿ ಕಳಿಸಿದರೆ ಮಕ್ಕಳು ಮರಿ ತಣ್ಣಗಿರುತ್ತವೆ. ನಾನು ಅಸಹ್ಯಕ್ಕೆ ಹೆದರಿದ್ದೆ, ಬಂದದ್ದು ಭಕ್ತಿ. ಮೊದಲಿಗೆ ಎಷ್ಟು ಹಗುರವೆನಿಸಿತು ಅಂದರೆ ನಕ್ಕುಬಿಟ್ಟೆ.

ಶುಕ್ರವಾರ ಅಕ್ಕನನ್ನು ಕರೆಸಿದಳು. ಮನೆಯಲ್ಲಿ ಮೊರ ಇರಲಿಲ್ಲ, ಓವನ್ನಿನ ತಟ್ಟೆಯಲ್ಲೇ ಅಕ್ಕಿ, ಅರಿಶಿನ ಕುಂಕುಮ, ತೆಂಗಿನಕಾಯಿ, ಹಸಿರು ಕುಪ್ಪಸ, ಬಳೆ ಜೋಡಿಸಿದಳು. ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕ ಏನೆಂದು ತಿಳಿಯದೆ ಖುಷಿಯಲ್ಲೇ ಇದ್ದಳು. ಕಾಯಿಯನ್ನು ಗೆದ್ದ ಕಪ್ಪಿನ ಹಾಗೆ ಎತ್ತಿ ನನ್ನತ್ತ ಕೈ ಬೀಸಿದಳು. ಆಗ ಅವ್ವ ಮಗುವನ್ನು ತಂದು ಅವಳ ಪಾದದ ಹತ್ತಿರ ನೆಲದ ಮೇಲೆ ಮಲಗಿಸಿ, ತಾನೂ ಬಾಗಿ ಹಣೆ ಮುಟ್ಟಿಸಿದಳು. "ತಾಯೀ, ತಪ್ಪಾತು. ನಮ್ಮನ್ನ ಕಾಯ್ರಿ" ಅಂದಳು.

ಅಕ್ಕನ ಕೈ ಇಳಿಯಿತು. ಕಾಯಿ ಪಕ್ಕಕ್ಕಿಟ್ಟು, ಮಗುವಿನ ಕುತ್ತಿಗೆಯ ಕೆಳಗೆ ಅವ್ವ ಕಲಿಸಿದ ಹಾಗೇ ಕೈ ಕೊಟ್ಟು ಎತ್ತಿಕೊಂಡಳು. ಏನು ನಡೆಯುತ್ತಿದೆ ಎಂದು ಕೇಳಿದಳು. ಎಲ್ಲಮ್ಮ, ಜೋಗಪ್ಪ, ಜಡೆ, ಎಲ್ಲ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ಒಳ್ಳೆಯ ದೇವಿ ಅಂದಳು. ಉಡಿಯನ್ನು ಜೋಪಾನವಾಗಿ ಹಿಡಿದುಕೊಂಡು ಮನೆಗೆ ಹೋದಳು.

ಆಮೇಲೆ ನಮ್ಮ ಮನೆಯಲ್ಲಿ ಬೈಗುಳ ನಿಂತಿತು. ಅಕ್ಕ ಬಂದರೆ ಅವ್ವ ಎದ್ದು ನಿಲ್ಲುವಳು. ಬರ್ರಿ, ಕುಂಡ್ರಿ, ಚಾ ತಗೋರಿ. ಲೋಟ ಬೇರೆಯಾಯಿತು ನಿಜ, ಆದರೆ ಅದು ಮನೆಯಲ್ಲಿದ್ದ ಬೆಳ್ಳಿ ಲೋಟ. ಅಕ್ಕ ಬೇಕಂತಲೇ ಸಂಜೆ ಕೂದಲು ಹರಡಿಕೊಂಡು ಹೊಸ್ತಿಲಲ್ಲಿ ನಿಂತಳು, ಅವ್ವ ಕೈಮುಗಿದಳು. ಹಣಿಗೆಯನ್ನು ಅವ್ವನ ಕೈಗೇ ಕೊಟ್ಟು ಬೆನ್ನು ತಿರುಗಿಸಿ ಕೂತಳು. ಅವ್ವ ಹಣಿಗೆಯನ್ನು ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟಳು. ನಾನು ಅವ್ವನ ಜೊತೆ ಜಗಳಾಡಿದೆ. ಅವಳು ಈ ದೇಶದವಳೂ ಅಲ್ಲ, ನಮ್ಮ ದೇಶದವಳೂ ಅಲ್ಲ, ಎಲ್ಲಮ್ಮ ಅಲ್ಲಿಗೆ ಹೇಗೆ ಹೋಗುತ್ತಾಳೆ ಅಂದೆ. ತಾಯಿ ಯಾವ ದೇಶಕ್ಕ ಹೋಗೂದಿಲ್ಲ ಹೇಳು ಅಂದಳು ಅವ್ವ.

ಇದು ಮರ್ಯಾದೆಯೇ ಅಲ್ಲವೇ, ಎಷ್ಟು ಜನಕ್ಕೆ ಸಿಗುತ್ತೆ ಎಂದು ಅಕ್ಕನಿಗೆ ಸಮಾಧಾನ ಹೇಳಲು ಹೋದೆ. ಅವಳು ಪೆಟ್ಟಿಗೆಯೊಳಗಿನ ಸೋಪುಗಳನ್ನು ನಾಲ್ಕನೇ ಸಲವೋ ಐದನೇ ಸಲವೋ ಜೋಡಿಸುತ್ತಿದ್ದಳು.

"ಕಿರೀಟ ನನಗೆ ಹೊಸದಲ್ಲ. ಹಬ್ಬದ ರಾತ್ರಿ ಇಡೀ ಊರು ಚಪ್ಪಾಳೆ ತಟ್ಟಿತು, ರಾಣಿ ಅಂದಿತು. ಮರುದಿನ ಬೆಳಿಗ್ಗೆ ಅಪ್ಪ, ಗಂಡುಮಕ್ಕಳೆಲ್ಲ ಬನ್ನಿ, ಕುರ್ಚಿ ಹೊರಬೇಕು ಅಂದ. ಹೋಗಿ ಹೊತ್ತೆ. ರಾಣಿಯಾಗೋದು ಸುಲಭ ಕಣೆ. ಮನೆಮಗಳಾಗೋದೇ ಆಗಲಿಲ್ಲ."

ಅವಳು ಸಿಡ್ನಿಗೆ ಹೊರಟಳು. ಬ್ಲ್ಯಾಕ್‌ಟೌನ್‌ನಲ್ಲಿ ಅವಳ ಹಾಗೇ ಇರುವ ಊರಿನ ಗೆಳತಿಯೊಬ್ಬಳ ಮನೆಯಲ್ಲಿ ಕೋಣೆ ಇದೆ, ಅಲ್ಲೂ ವೃದ್ಧಾಶ್ರಮಗಳಿವೆ ಅಂದಳು. ಅವೆಲ್ಲ ನಿಜವೇ. ಆದರೂ ಹಿಂದಿನ ಯೂನಿಟ್ ಖಾಲಿಯಾದ ದಿನ ನಾನು ಅವ್ವನ ಜೊತೆ ಮಾತಾಡಲಿಲ್ಲ. ಅವ್ವ ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಕೈಗೆ ಕೆಲಸವಿಲ್ಲದೆ ಸೆರಗಿನ ಅಂಚನ್ನು ಹೆಣೆಯುತ್ತಿದ್ದಳು, ಬಿಚ್ಚುತ್ತಿದ್ದಳು.

ಅವ್ವನ ವೀಸಾ ಮುಗಿಯುತ್ತ ಬಂದಾಗ, ಇಷ್ಟು ದೂರ ಬಂದು ಸಿಡ್ನಿ ನೋಡದೆ ಹೋಗುವುದೇ ಎಂದು ನನ್ನ ಗಂಡ ಟಿಕೆಟ್ ಬುಕ್ ಮಾಡಿದ. ಅಕ್ಕನಿಗೆ ಫೋನ್ ಮಾಡಿದೆ. ನಮ್ಮಲ್ಲೇ ಉಳಿಯಬೇಕು ಅಂದಳು. ಆಮೇಲೆ, ಏನೋ ಮಾತಿಗೆ ಕೇಳುವವಳ ಹಾಗೆ, ಹೆಣ್ಣುಮಕ್ಕಳು ಏನು ಮಾಡಿದರೆ ನಿಮ್ಮವ್ವನಿಗೆ ತಡೆಯೋಕೇ ಆಗಲ್ಲ ಎಂದು ಕೇಳಿದಳು. ಕೂದಲು ಕತ್ತರಿಸಿಕೊಂಡರೆ ಅಂದೆ. ನರ್ಸಿಂಗ್ ಓದುವಾಗ ನಾನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಊರಿಗೆ ಹೋದರೆ, ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಜನರೆಲ್ಲ ನೋಡುವ ಹಾಗೆ ಬೈದುಕೊಂಡು ಕರೆತಂದಿದ್ದಳು ಎಂದು ಹೇಳಿದೆ. ಓಹೋ ಅಂದಳು ಅಕ್ಕ. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಸರ್ಕ್ಯುಲರ್ ಕೀಯಲ್ಲಿ, ಫೆರಿ ಹತ್ತುವ ಕಟ್ಟೆಯ ಹತ್ತಿರ ಸಿಗುತ್ತೇನೆ ಅಂದಿದ್ದಳು. ಭಾನುವಾರ, ಬಿಸಿಲು, ಜನ. ಎದುರಿನಿಂದ ಹಸಿರು ಕುಪ್ಪಸ ತೊಟ್ಟ ಹೆಂಗಸೊಬ್ಬಳು ಕೈ ಬೀಸುತ್ತ ಬಂದಳು. ಅವ್ವ ಉಡಿ ತುಂಬಿದ ಕುಪ್ಪಸದ ಬಟ್ಟೆಯನ್ನೇ ಹೊಲಿಸಿಕೊಂಡಿದ್ದಳು. ಮಣಿಕಟ್ಟು ನೋಡಿ ನನಗೆ ಗುರುತು ಸಿಕ್ಕಿತು. ಆ ಉದ್ದ ಕೂದಲು ಇರಲಿಲ್ಲ. ಕಿವಿಯ ಕೆಳಗೆ ನಿಂತಿತ್ತು.

ಅವ್ವ ಕೈಮುಗಿಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ಏ ಹುಚ್ಚಿ! ಯಾರ ಹೇಳಿದ್ರು ನಿನಗ ಕೂದ್ಲಾ ಕತ್ತರಿಸ್ಕೋ ಅಂತ? ತಲ್ಯಾಗ ಏನ್ ತುಂಬ್ಕೊಂಡಿ? ಎಷ್ಟ್ ಎಣ್ಣಿ ಹಚ್ಚಿದ್ನಿ ನಾ ಅದಕ್ಕ. ಹೇಳವರು ಕೇಳವರು ಯಾರೂ ಇಲ್ಲ ಅಂತ ತಿಳದೀಯೇನು?"

ಭಕ್ತಿ ಎಲ್ಲಿ ಹೋಯಿತೋ. ನಿಂತಿದ್ದ ಟೂರಿಸ್ಟುಗಳು ತಿರುಗಿ ನೋಡಿದರು. ಮಗು ಅಳತೊಡಗಿತು. ಅವ್ವ ಉಸಿರು ಕಟ್ಟುವವರೆಗೂ ಬೈದಳು. ಆಮೇಲೆ ತಾನು ಯಾರಿಗೆ ಬೈದೆ ಎಂದು ನೆನಪಾಗಿ ಬಿಳುಚಿಕೊಂಡು, ಗಲ್ಲ ಬಡಿದುಕೊಳ್ಳಲು ಕೈ ಎತ್ತಿದಳು. ಅಕ್ಕ ಆ ಎರಡೂ ಕೈ ಹಿಡಿದುಕೊಂಡಳು. ಅವಳ ಲಿಪ್‌ಸ್ಟಿಕ್ ನಡುಗುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದರೆ, ಬೇಡ, ನನಗೆ ಎಲ್ಲ ತಿಳಿಯಿತು ಅಂದಳು. ನಿಲ್ಲಿಸಬೇಡ ಅಂತ ಹೇಳು ಅವರಿಗೆ, ಅಷ್ಟು ಸಾಕು ಅಂದಳು.

ಹೇಳಿದೆ. ಅವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಅವ್ವ ಹೆದರಿದ್ದಳು, ನನಗೆ ಕಾಣುತ್ತಿತ್ತು. ಬದುಕಿಡೀ ನಂಬಿಕೊಂಡು ಬಂದದ್ದರ ಎದುರು ನಿಂತಿದ್ದಳು. ಕೊನೆಗೆ ನನಗೆ ಹೇಳಿದಳು:

"ದೇವರಿಗೆ ಬೈಯಾಕ ಬರೂದಿಲ್ಲ. ಮಗಳಿಗಾದ್ರ ಬೈಬಹುದು. ಅಕಿಗೆ ಯಾವ್ದು ಬೇಕು ಕೇಳು."

ಕೇಳಿದೆ. ಅಕ್ಕ ಅವ್ವನನ್ನು ಅಲ್ಲಿದ್ದ ಬೆಂಚಿನ ಮೇಲೆ ಕೂರಿಸಿ, ತಾನು ಅವಳ ಮುಂದೆ ನೆಲದ ಮೇಲೆ ಕೂತು, ಬೆನ್ನು ತಿರುಗಿಸಿದಳು. ಅವ್ವ ಚೀಲದಿಂದ ಹಣಿಗೆ ತೆಗೆದು, ಹೆಣೆಯುವುದಕ್ಕೆ ಏನೂ ಇಲ್ಲದ ಆ ಕೂದಲನ್ನು ಬಾಚತೊಡಗಿದಳು. ಪ್ಯಾರಮಟ್ಟಾ ಫೆರಿ ಬಂತು, ಹೋಯಿತು. ಮುಂದಿನದರಲ್ಲಿ ಹೋದೆವು. ದಾರಿಯುದ್ದಕ್ಕೂ ಅವ್ವ ಬೈಯುತ್ತಲೇ ಇದ್ದಳು.

ಬೇಕಂತಲೇ ಕತ್ತರಿಸಿಕೊಂಡೆಯಾ ಎಂದು ರಾತ್ರಿ ಅಡುಗೆಮನೆಯಲ್ಲಿ ಕೇಳಿದೆ. ಸೆಕೆ ಇತ್ತು ಅಂದಳು. ಮತ್ತೆ ಬೆಳೆಯುತ್ತೆ ಬಿಡು ಅಂದು ಒಲೆಯ ಮುಂದೆ ಹಾಡಲು ಶುರುಮಾಡಿದಳು.

ಅದಾಗಿ ವರ್ಷಗಳಾದವು. ಅವ್ವ ನರಗುಂದದಲ್ಲಿದ್ದಾಳೆ, ಮಂಡಿನೋವು, ಇನ್ನು ವಿಮಾನ ಹತ್ತುವುದಿಲ್ಲ. ನನ್ನ ವಿಡಿಯೊಗಳನ್ನೆಲ್ಲ ಅಳಿಸಿ ಸುಸ್ತಾದ ಮೇಲೆ ಅವ್ವನಿಗೆ ಕರೆ ಮಾಡಿ, ಅಕ್ಕನಿಗೆ ಏನಾದರೂ ಹೇಳು, ರೆಕಾರ್ಡ್ ಮಾಡ್ಕೋತೀನಿ ಅಂದೆ. ರೆಕಾರ್ಡ್ ಎಂದರೇನೆಂದು ಅವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಎದುರಿಗೇ ಇದ್ದಾಳೆ ಎಂಬಂತೆ ಫೋನಿನೊಳಗೆ ಮುಖ ತೂರಿಸಿ ಶುರುಮಾಡಿದಳು. ರಿಟೈರ್ ಆದ್ಯಂತ. ಆತಲ್ಲ, ಇನ್ನರ ಒಂದ್ ಕಡೆ ಕುಂಡ್ರು. ಕಾಲ್ ಅಲ್ಲಾಡಿಸೂದು ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು. ಒಂದು ನಿಮಿಷ ಮುಗಿದದ್ದೇ ಗೊತ್ತಾಗಲಿಲ್ಲ. ಅದನ್ನೇ ಕಳಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ ಏನೂ ಬರೆಯಲಿಲ್ಲ.

ಬೀಳ್ಕೊಡುಗೆಯ ದಿನ ಅಲ್ಲಿ ಯಾರೋ ಫೋನಿನಲ್ಲಿ ಹಿಡಿದದ್ದನ್ನು ನನಗೆ ಕಳಿಸಿದ್ದಾರೆ. ಕೇಕು, ಬಲೂನು, ಗಾಲಿಕುರ್ಚಿಯ ಅಜ್ಜಿಯರು. ಟಿವಿಯ ತುಂಬ ಅವ್ವನ ಮುಖ, ಬೈಗುಳ. ಯಾರಿಗೂ ಅರ್ಥವಾಗುತ್ತಿಲ್ಲ, ನಗುತ್ತಿದ್ದಾರೆ. ಅಕ್ಕ ಕಿರೀಟ ಹಾಕಿಕೊಂಡು ಮುಂದೆ ನಿಂತಿದ್ದಾಳೆ. ಕೊನೆಯಲ್ಲಿ ಅವ್ವ, "ಕೂದ್ಲಾ ಬಂತೇನು? ತಿರುಗು, ನೋಡೂನು" ಅನ್ನುತ್ತಾಳೆ.

ಅಕ್ಕ ಕಿರೀಟ ತೆಗೆದು ಕೇಕಿನ ಪಕ್ಕಕ್ಕಿಡುತ್ತಾಳೆ. ಟಿವಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಕೂದಲು ಸೊಂಟ ಮುಟ್ಟಿದೆ, ನರೆತಿದೆ. ಪರದೆ ಕಪ್ಪಾದ ಮೇಲೂ ಅವಳು ಹಾಗೇ ನಿಂತಿದ್ದಾಳೆ, ಅವ್ವ ನೋಡಿ ಮುಗಿಸಲಿ ಎಂದು.